ಅಕ್ರಮ ಕಟ್ಟಡದ ಮೇಲೆ ಪಾಲಿಕೆಯ ಕ್ರಮ: ಯಾರ ಸರದಿ ಮೊದಲು? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದ ಹಳೆಯ ಸೊಸೈಟಿಗಳಲ್ಲಿ, ಮುಲುಂಡ್ ಮತ್ತು ಡೊಂಬಿವಲಿಯ ಫ್ಲ್ಯಾಟುಗಳಲ್ಲಿ, ಧಾರಾವಿಯ ಚಾಳುಗಳಲ್ಲಿ, ಹೋಟೆಲು ನಡೆಸುವ ನಮ್ಮವರ ನಡುವೆ ಎರಡು ಮಾತು ಯಾವಾಗಲೂ ಕೇಳಿಬರುತ್ತವೆ. ಒಂದು, "ಅಷ್ಟು ದೂರು ಕೊಟ್ಟರೂ ಪಾಲಿಕೆಯವರು ಯಾಕೆ ಬರಲಿಲ್ಲ?" ಇನ್ನೊಂದು, "ಊರೆಲ್ಲ ಕಟ್ಟಿದ್ದಾರೆ, ನಮಗೊಬ್ಬರಿಗೇ ಯಾಕೆ ನೋಟಿಸು?" ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ವಾರ್ಡ್ ಆಫೀಸು ಯಾವ ಕಡತವನ್ನು ಮೊದಲು ಎತ್ತಿಕೊಳ್ಳುತ್ತದೆ ಎಂಬುದು ತಿಳಿದರೆ ಎರಡೂ ಅರ್ಥವಾಗುತ್ತವೆ.

ನೋಟಿಸು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ನಮ್ಮಲ್ಲಿ ಅನೇಕ ಹಿರಿಯರು ಅದನ್ನು ಓದಲಾಗದೆ ಮಡಚಿ ಕಪಾಟಿನಲ್ಲಿಡುತ್ತಾರೆ. ಹಾಗಾಗಬಾರದು ಅಂತ ಇದನ್ನು ಬರೆದಿದ್ದೇನೆ. ಇಲ್ಲಿರುವುದು ಮುಖ್ಯವಾಗಿ ಮುಂಬೈ ಮಹಾನಗರಪಾಲಿಕೆಯ ವಿಷಯ. ಠಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬೈ, ವಸಾಯಿ-ವಿರಾರ್, ಪುಣೆ ಪಾಲಿಕೆಗಳು 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯಡಿ ನಡೆಯುತ್ತವೆ. ಅಲ್ಲಿ ಕಲಂ ನಂಬರುಗಳು ಬೇರೆ, ರೀತಿ ಹೆಚ್ಚುಕಡಿಮೆ ಇದೇ.

ಯಾವುದನ್ನು ಮೊದಲು ಒಡೆಯಬೇಕು ಅಂತ ಪಾಲಿಕೆ ಹೇಗೆ ತೀರ್ಮಾನಿಸುತ್ತದೆ?

ಮೊದಲು ಇದು, ಆಮೇಲೆ ಅದು ಅನ್ನುವ ಪಟ್ಟಿ ಕಾಯ್ದೆಯಲ್ಲಿ ಇಲ್ಲ. 1888ರ ಮುಂಬೈ ಪಾಲಿಕೆ ಕಾಯ್ದೆ ಮತ್ತು ನಗರ ಯೋಜನೆಗೆ ಸಂಬಂಧಿಸಿದ 1966ರ ಎಂಆರ್‌ಟಿಪಿ ಕಾಯ್ದೆ ಪಾಲಿಕೆಗೆ ಅಧಿಕಾರ ಕೊಡುತ್ತವೆ, ಅಷ್ಟೇ. ಆ ಅಧಿಕಾರವನ್ನು ದಿನದಿನ ಬಳಸುವುದು ವಾರ್ಡ್ ಆಫೀಸು. ಅಲ್ಲಿ ಸಹಾಯಕ ಆಯುಕ್ತರಿದ್ದಾರೆ, ಜನ ಅವರನ್ನೇ ವಾರ್ಡ್ ಆಫೀಸರ್ ಅನ್ನುತ್ತಾರೆ. ಅವರ ಕೈಕೆಳಗೆ ಬಿಲ್ಡಿಂಗ್ ಅಂಡ್ ಫ್ಯಾಕ್ಟರಿ ವಿಭಾಗದ ಇಂಜಿನಿಯರುಗಳು, ಗಲ್ಲಿ ಗಲ್ಲಿ ತಿರುಗುವ ಮುಕದ್ದಮರು.

ಪಟ್ಟಿ ಇಲ್ಲದಿದ್ದರೂ ಕೆಲಸದಲ್ಲಿ ಒಂದು ಕ್ರಮ ಇದ್ದೇ ಇದೆ. ಎಲ್ಲಕ್ಕಿಂತ ಮೇಲೆ ಕೋರ್ಟಿನ ಆದೇಶ. ಅದಕ್ಕೆ ಗಡುವು ಇರುತ್ತದೆ, ಗಡುವು ತಪ್ಪಿದರೆ ನ್ಯಾಯಾಂಗ ನಿಂದನೆ ಅಧಿಕಾರಿಯ ತಲೆಗೇ ಬರುತ್ತದೆ. ನವಿ ಮುಂಬೈಯ ದಿಘಾದಲ್ಲಿ 99 ಅಕ್ರಮ ಕಟ್ಟಡಗಳ ವಿಷಯ 2015ರಲ್ಲಿ ಅಷ್ಟು ವೇಗವಾಗಿ ನಡೆದದ್ದು ಹೈಕೋರ್ಟ್ ಆದೇಶದಿಂದಲೇ. ಅದರ ನಂತರ ಜೀವಕ್ಕೆ ಅಪಾಯ ಇರುವ ಜಾಗ. ನಂತರ ಇನ್ನೂ ಕೆಲಸ ನಡೆಯುತ್ತಿರುವ ಕಟ್ಟಡ. ನಂತರ ರಸ್ತೆ ಅಗಲೀಕರಣಕ್ಕೋ ನಾಲಾ ಕೆಲಸಕ್ಕೋ ಅಡ್ಡ ಬಂದದ್ದು. ಕಟ್ಟಿ ಎಷ್ಟೋ ವರ್ಷವಾದ, ಯಾರಿಗೂ ನೇರ ತೊಂದರೆ ಕೊಡದ ಬದಲಾವಣೆಗಳು ಕೊನೆಗೆ ಉಳಿಯುತ್ತವೆ.

ಇನ್ನೊಂದು ಸತ್ಯವನ್ನೂ ಹೇಳಬೇಕು. ಒಡೆಯುವುದು ಅಂದರೆ ಇಂಜಿನಿಯರ್ ಒಬ್ಬರು ಸಹಿ ಹಾಕಿದರೆ ಮುಗಿಯುವ ಕೆಲಸ ಅಲ್ಲ. ಪೊಲೀಸ್ ಬಂದೋಬಸ್ತ್ ಬೇಕು, ಕೂಲಿಯವರು ಬೇಕು. ಜೆಸಿಬಿ ಹೋಗದ ಗಲ್ಲಿಯಾದರೆ ಕೈಯಿಂದಲೇ ಒಡೆಯಬೇಕು. ಒಂದು ವಾರ್ಡಿನಲ್ಲಿ ಕರ್ನಾಟಕದ ಒಂದು ದೊಡ್ಡ ಪಟ್ಟಣದಷ್ಟು ಜನ ಇರುತ್ತಾರೆ. ಬಂದ ಎಲ್ಲ ದೂರಿಗೂ ಅದೇ ವಾರ ಹೋಗಿ ಒಡೆಯಲು ಆಗುವುದಿಲ್ಲ. ಆಯ್ಕೆ ಮಾಡಲೇಬೇಕು. ಆದರೆ ಆಯ್ಕೆ ಯಾವ ಆಧಾರದ ಮೇಲೆ ಆಯಿತು ಅನ್ನುವುದು ಜನರಿಗೆ ಕಾಣಬೇಕು. ಪ್ರತಿ ವಾರ್ಡ್ ಆಫೀಸೂ ತನ್ನ ಸರದಿ ಪಟ್ಟಿಯನ್ನು, ಕಾರಣದ ಸಮೇತ, ಗೋಡೆಗೆ ಹಚ್ಚಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗ ಇರುವ ಅನುಮಾನ, ಗೊಣಗಾಟದಲ್ಲಿ ಅರ್ಧಕ್ಕರ್ಧ ಅದರಿಂದಲೇ ಹೋಗುತ್ತದೆ.

ಜೀವಕ್ಕೆ ಅಪಾಯ ಅಂದರೆ ಪಾಲಿಕೆ ಏನನ್ನು ನೋಡುತ್ತದೆ?

ಮುಖ್ಯವಾಗಿ ಮೂರು. ಕಟ್ಟಡ ಬೀಳಬಹುದಾ? ಬೆಂಕಿ ಬಿದ್ದರೆ ಜನ ಹೊರಗೆ ಬರಲು ಆಗುತ್ತದಾ? ಫೈರ್ ಬ್ರಿಗೇಡಿನ ಗಾಡಿ ಒಳಗೆ ಬರುತ್ತದಾ?

ಹಳೆಯ ಕಟ್ಟಡಗಳನ್ನು ಸಿ1, ಸಿ2ಎ, ಸಿ2ಬಿ, ಸಿ3 ಎಂದು ಭಾಗ ಮಾಡುತ್ತಾರೆ. ಸಿ1 ಅಂದರೆ ಕೂಡಲೇ ಖಾಲಿ ಮಾಡಿ ಕೆಡವಬೇಕಾದದ್ದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಈ ಪಟ್ಟಿ ಹೊರಬರುತ್ತದೆ. ಇಲ್ಲಿ 1888ರ ಪಾಲಿಕೆ ಕಾಯ್ದೆಯ ಕಲಂ 354 ಬಳಸುತ್ತಾರೆ. ಕಟ್ಟಡಕ್ಕೆ ಅನುಮತಿ ಇತ್ತೋ ಇಲ್ಲವೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕು ಅಂತ ಕಲಂ 353ಬಿ ಹೇಳುತ್ತದೆ. ಸೊಸೈಟಿಯ ಆಡಿಟರ್ ಒಂದು ಹೇಳಿ, ಮಾಲೀಕರ ಆಡಿಟರ್ ಇನ್ನೊಂದು ಹೇಳಿದರೆ, ವಿಷಯ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಗೆ ಹೋಗುತ್ತದೆ. ಪಗ್ಡಿ (ಮುಂಗಡ ಹಣ ಕೊಟ್ಟು ಹಿಡಿದ ಹಳೆಯ ಬಾಡಿಗೆಯ) ಮನೆಗಳಲ್ಲಿರುವ ನಮ್ಮವರು ಇದನ್ನು ಚೆನ್ನಾಗಿ ನೆನಪಿಡಬೇಕು. ಕಟ್ಟಡ ಗಟ್ಟಿ ಇದ್ದರೂ ಬಾಡಿಗೆದಾರರನ್ನು ಎಬ್ಬಿಸಲು ಸಿ1 ಮಾಡಿಸುತ್ತಿದ್ದಾರೆ ಅನ್ನುವ ಅನುಮಾನ ಬಂದರೆ ನಿಮ್ಮದೇ ಆಡಿಟ್ ಮಾಡಿಸಿ ಕೊಡುವ ಹಕ್ಕು ನಿಮಗಿದೆ.

2017ರ ಜುಲೈ 25ರಂದು ಘಾಟ್ಕೋಪರಿನಲ್ಲಿ ಸಿದ್ಧಿಸಾಯಿ ಎಂಬ ಕಟ್ಟಡ ಕುಸಿದು 17 ಜನ ಸತ್ತರು. ನೆಲಮಹಡಿಯಲ್ಲಿ ನವೀಕರಣದ ಕೆಲಸ ನಡೆದಿತ್ತು. ಅದರಲ್ಲಿ ಕಂಬಗಳಿಗೆ ಕೈ ಹಾಕಿದ್ದರು ಎಂಬುದು ಆರೋಪ. ಅಂದಿನಿಂದ "ಕಂಬ ಅಥವಾ ಬೀಮು ಕಡಿಯುತ್ತಿದ್ದಾರೆ" ಅನ್ನುವ ದೂರಿಗೆ ಬೇರೆಯೇ ತೂಕ ಬಂದಿದೆ. ನಿಮ್ಮ ಕಟ್ಟಡದಲ್ಲಿ ಹಾಗೆ ನಡೆದರೆ ದಯವಿಟ್ಟು ಸೊಸೈಟಿಯ ಮುಂದಿನ ಮೀಟಿಂಗಿಗೆ ಕಾಯಬೇಡಿ. ಅದೇ ಗಂಟೆ ದೂರು ಕೊಡಿ.

ಕೆಲಸ ನಡೆಯುತ್ತಿರುವಾಗಲೇ ದೂರು ಕೊಟ್ಟರೆ ವ್ಯತ್ಯಾಸ ಆಗುತ್ತದಾ?

ತುಂಬಾ ಆಗುತ್ತದೆ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಡೆಯುತ್ತಿರುವ ಕೆಲಸಕ್ಕೆ ಕಲಂ 354ಎ ಇದೆ. ಕೆಲಸ ನಿಲ್ಲಿಸಿ, 24 ಗಂಟೆಯೊಳಗೆ ಅನುಮತಿ ಪತ್ರ ತೋರಿಸಿ ಅಂತ ನೋಟಿಸು ಕೊಡುತ್ತಾರೆ. ತೋರಿಸದಿದ್ದರೆ ಒಡೆಯಬಹುದು. ಮುಗಿದ ಕಟ್ಟಡಕ್ಕೆ ಹಾಗೆ ಮಾಡಲು ಆಗುವುದಿಲ್ಲ. ಅದಕ್ಕೆ ಕಲಂ 351. ಕಾರಣ ಕೇಳಿ ನೋಟಿಸು ಕೊಡಬೇಕು, ಉತ್ತರ ಕೊಡಲು ದಿನ ಕೊಡಬೇಕು, ದಾಖಲೆ ನೋಡಿ ಕಾರಣ ಬರೆದು ಆದೇಶ ಮಾಡಬೇಕು. ಅಷ್ಟರಲ್ಲಿ ಕಟ್ಟಿದವರು ಸಿಟಿ ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರೆ ಕಡತ ವರ್ಷಗಟ್ಟಲೆ ಮಲಗುತ್ತದೆ.

ಈ ಎರಡು ಕಲಂಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬುದು 2020ರ ಸೆಪ್ಟೆಂಬರಿನಲ್ಲಿ ದೇಶವೇ ನೋಡಿತು. ನಟಿ ಕಂಗನಾ ರಣಾವತ್ ಅವರ ಪಾಲಿ ಹಿಲ್ ಕಟ್ಟಡಕ್ಕೆ ಪಾಲಿಕೆ 354ಎ ನೋಟಿಸು ಅಂಟಿಸಿ ಮರುದಿನವೇ ಒಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಆ ನೋಟಿಸನ್ನೂ ಆದೇಶವನ್ನೂ ರದ್ದು ಮಾಡಿತು. ಅಲ್ಲಿ ಕೆಲಸ ನಡೆಯುತ್ತಿರಲಿಲ್ಲ, ಹಾಗಿರುವಾಗ ಈ ಕಲಂ ಬಳಸಿದ್ದು ಸರಿಯಲ್ಲ, ಇದರ ಹಿಂದೆ ದುರುದ್ದೇಶ ಇತ್ತು ಅಂತ ಕೋರ್ಟ್ ಹೇಳಿತು. ರಾಜಕೀಯ ಏನೇ ಇರಲಿ, ನಮ್ಮಂಥವರು ನೋಡಬೇಕಾದದ್ದು ಇಷ್ಟು: ಕೆಲಸ ಯಾವ ಹಂತದಲ್ಲಿದೆ ಅನ್ನುವುದಕ್ಕೆ ತಾರೀಖು ಇರುವ ಫೋಟೊ ಬೇಕು. ದೂರು ಕೊಡುವವರಿಗೂ ಬೇಕು, ನೋಟಿಸು ಬಂದವರಿಗೂ ಬೇಕು.

ಹಗಲು ಸುಮ್ಮನಿದ್ದು ಶನಿವಾರ ರಾತ್ರಿ, ಭಾನುವಾರ, ಸಾಲು ರಜೆಯಲ್ಲಿ ಗೋಡೆ ಏಳುವುದು ಮುಂಬೈಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆಗ 1916ಕ್ಕೆ ಫೋನ್ ಮಾಡಿ. ಅದು ಪಾಲಿಕೆಯ ಸಹಾಯವಾಣಿ. ದೂರಿನ ನಂಬರ್ ಬರೆದುಕೊಳ್ಳಿ.

ಕಟ್ಟಿ ಇಪ್ಪತ್ತು ವರ್ಷ ಆಯಿತು. ಇನ್ನೇನೂ ಮಾಡಲ್ಲ ಅಲ್ವಾ?

ಹಾಗೆ ನಂಬಬೇಡಿ. ಪಾಲಿಕೆ ಸುಮ್ಮನಿದ್ದದ್ದು ಅನುಮತಿ ಕೊಟ್ಟ ಹಾಗಲ್ಲ.

ವರ್ಳಿಯ ಕ್ಯಾಂಪಾ ಕೋಲಾ ಕಾಂಪೌಂಡಿನ ಕಟ್ಟಡಗಳು 1980ರ ದಶಕದವು. ಐದು ಮಹಡಿಗೆ ಅನುಮತಿ ಇತ್ತು. ಒಂದು ಕಟ್ಟಡ 20 ಮಹಡಿಗೆ ಹೋಯಿತು. ಜನ ಫ್ಲ್ಯಾಟು ಕೊಂಡು, ಮಕ್ಕಳನ್ನು ಬೆಳೆಸಿ, ಅಲ್ಲೇ ಮುದುಕರಾದರು. 2013ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅಕ್ರಮ ಮಹಡಿಗಳು ಉಳಿಯುವಂತಿಲ್ಲ ಎಂದಿತು. 2014ರ ಜೂನಿನಲ್ಲಿ ಪಾಲಿಕೆ ನೀರು, ಗ್ಯಾಸು, ಕರೆಂಟು ಕಡಿಯಿತು. ಕಟ್ಟಿದ ಬಿಲ್ಡರಿಗಿಂತ ಕೊಂಡು ಕೂತವರೇ ಹೆಚ್ಚು ಸುಟ್ಟುಕೊಂಡರು ಅನ್ನುವುದು ನನಗೆ ಇವತ್ತಿಗೂ ನೋವು ಕೊಡುವ ಮಾತು.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರಪ್ರದೇಶದ ಒಂದು ಪ್ರಕರಣದಲ್ಲಿ ಇದನ್ನೇ ಮತ್ತೆ ಹೇಳಿತು. ಅಧಿಕಾರಿಗಳ ತಡ, ಅಲಕ್ಷ್ಯ, ಕಳೆದ ವರ್ಷಗಳು, ಹಾಕಿದ ದುಡ್ಡು, ಯಾವುದೂ ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವುದಿಲ್ಲ. ನೀರು, ವಿದ್ಯುತ್ ಸಂಪರ್ಕ ಕೊಡುವ ಮುಂಚೆ, ಬ್ಯಾಂಕು ಸಾಲ ಕೊಡುವ ಮುಂಚೆ ಒಸಿ (ಕಟ್ಟಡ ವಾಸಕ್ಕೆ ಸರಿ ಅಂತ ಕೊಡುವ ಪ್ರಮಾಣಪತ್ರ) ನೋಡಬೇಕು ಅಂತಲೂ ಹೇಳಿದೆ.

ಪಕ್ಕದವರೂ ಕಟ್ಟಿದ್ದಾರೆ. ನಮಗೆ ಮಾತ್ರ ನೋಟಿಸು. ಇದು ಅನ್ಯಾಯ ಅಲ್ವಾ?

ಮನಸ್ಸಿಗೆ ಅನ್ಯಾಯ ಅನಿಸುತ್ತದೆ, ನಿಜ. ಆದರೆ ಕೋರ್ಟಿನಲ್ಲಿ ಈ ವಾದ ನಿಲ್ಲುವುದಿಲ್ಲ. ಸಂವಿಧಾನದ 14ನೇ ವಿಧಿಯ ಸಮಾನತೆಯನ್ನು ಅಕ್ರಮಕ್ಕೆ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದೆ. "ಅವನನ್ನೂ ಬಿಟ್ಟಿದ್ದೀರಿ, ನನ್ನನ್ನೂ ಬಿಡಿ" ಅಂದರೆ ಕೇಳುವವರಿಲ್ಲ.

ಬೇಕಾದರೆ ಪಕ್ಕದವರ ಮೇಲೆ ಬೇರೆ ದೂರು ಕೊಡಬಹುದು. ಅದು ಬೇರೆ ಕಡತ ಆಗುತ್ತದೆ, ಅದಕ್ಕೆ ಅದರದೇ ಸರದಿ. ನಿಮ್ಮ ನೋಟಿಸಿಗೆ ಉತ್ತರ ಬರೆಯುವಾಗ ಮಾತ್ರ ಪಕ್ಕದವರ ಸುದ್ದಿಗೆ ಹೋಗದೆ ನಿಮ್ಮ ದಾಖಲೆಯನ್ನು ಮುಂದಿಡಿ. ಎರಡು ಪುಟ ಪಕ್ಕದವರ ಬಗ್ಗೆ, ಅರ್ಧ ಪುಟ ತಮ್ಮ ಬಗ್ಗೆ ಬರೆದ ಉತ್ತರಗಳಿಂದ ಯಾರಿಗೂ ಉಪಯೋಗ ಆಗಿಲ್ಲ.

ಎಲ್ಲದಕ್ಕೂ ಪಾಲಿಕೆಗೇ ದೂರು ಕೊಡಬೇಕಾ?

ಇಲ್ಲ. ಮುಂಬೈಯಲ್ಲಿ ಜಾಗ ಯಾರದ್ದು ಅನ್ನುವುದೇ ದೊಡ್ಡ ವಿಷಯ. ಮ್ಹಾಡಾ (ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ) ಕಾಲನಿಯಾದರೆ ಅಲ್ಲಿಯ ಪ್ಲಾನಿಂಗ್ ಅಧಿಕಾರ 2018ರಿಂದ ಮ್ಹಾಡಾದ್ದೇ. ಎಸ್‌ಆರ್‌ಎ ಕಟ್ಟಡಕ್ಕೆ ಎಸ್‌ಆರ್‌ಎ, ಅಂದರೆ ಜೋಪಡಿ ಪುನರ್ವಸತಿ ಪ್ರಾಧಿಕಾರ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಎಂಎಂಆರ್‌ಡಿಎ, ಅಂದರೆ ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಸರಕಾರಿ ಜಮೀನು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಅಂದರೆ ಕಲೆಕ್ಟರ್ ಮತ್ತು ಅರಣ್ಯ ಇಲಾಖೆಯೂ ಬರುತ್ತವೆ. ಹಳಿಯ ಪಕ್ಕ ರೈಲ್ವೆ, ಬಂದರಿನ ಜಾಗಕ್ಕೆ ಪೋರ್ಟ್ ಅಥಾರಿಟಿ. ದಕ್ಷಿಣ ಮುಂಬೈಯ ಸೆಸ್ ಕಟ್ಟಡಗಳ (ರಿಪೇರಿಗಾಗಿ ಸೆಸ್ ಕಟ್ಟುವ ಹಳೆಯ ಬಾಡಿಗೆ ಕಟ್ಟಡಗಳ) ರಿಪೇರಿ ಮ್ಹಾಡಾದ ರಿಪೇರಿ ಮಂಡಳಿಗೆ.

ತಪ್ಪು ಕಚೇರಿಗೆ ಹೋದ ದೂರು "ನಮ್ಮ ವ್ಯಾಪ್ತಿಯಲ್ಲ" ಅನ್ನುವ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಗಡಿಗಳ ನಡುವೆ ಜನರ ಜೀವವೂ ಹೋಗಿದೆ. 2024ರ ಮೇ 13ರ ಸಂಜೆ ಘಾಟ್ಕೋಪರಿನ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. ಪಾಲಿಕೆಯ ನಿಯಮದಲ್ಲಿ 40 ಅಡಿಗೆ 40 ಅಡಿ ಮಿತಿ. ಅಲ್ಲಿದ್ದದ್ದು 120 ಅಡಿಗೆ 120 ಅಡಿ. ಜಾಗ ರೈಲ್ವೆ ಪೊಲೀಸರ ವಶದಲ್ಲಿತ್ತು, ನಾವು ಅನುಮತಿ ಕೊಟ್ಟಿರಲಿಲ್ಲ ಅಂತ ಪಾಲಿಕೆ ಹೇಳಿತು. ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತಿದ್ದ ಅಷ್ಟು ದೊಡ್ಡ ವಸ್ತು ಯಾರ ಸರದಿ ಪಟ್ಟಿಗೂ ಬರಲಿಲ್ಲ! ಹಾಗಾಗಿ ಜಾಗ ಯಾರದ್ದು ಅನ್ನುವ ಅನುಮಾನ ಇದ್ದರೆ ಇಬ್ಬರಿಗೂ ಕೊಡಿ. ಎರಡೂ ಪ್ರತಿಯಲ್ಲಿ ಇನ್ನೊಬ್ಬರಿಗೂ ಕೊಟ್ಟಿದ್ದೇವೆ ಅಂತ ಬರೆಯಿರಿ.

ದೂರು ಹೇಗೆ ಬರೆದರೆ ಬೇಗ ನೋಡುತ್ತಾರೆ?

ಸಿಟ್ಟು ಕಡಿಮೆ, ವಿವರ ಜಾಸ್ತಿ. ದೂರು ಓದುವ ಜೂನಿಯರ್ ಇಂಜಿನಿಯರಿಗೆ ಬೇಕಾದದ್ದು: ಸರಿಯಾದ ವಿಳಾಸ, ಸಾಧ್ಯವಾದರೆ ಸಿಟಿಎಸ್ (ಸಿಟಿ ಸರ್ವೆ) ನಂಬರ್, ಯಾವ ಮಹಡಿ, ಏನು ಕಟ್ಟುತ್ತಿದ್ದಾರೆ, ಇಟ್ಟಿಗೆಯೋ ಆರ್‌ಸಿಸಿಯೋ ತಗಡೋ, ಸುಮಾರು ಎಷ್ಟು ಅಡಿಗೆ ಎಷ್ಟು ಅಡಿ, ಕೆಲಸ ಯಾವಾಗ ಶುರುವಾಯಿತು, ಇವತ್ತು ಯಾವ ಹಂತದಲ್ಲಿದೆ. ಕೊನೆಗೆ ಅಪಾಯ ಏನು ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ಮೆಟ್ಟಿಲಿನ ದಾರಿ ಮುಚ್ಚಿದೆ", "ಫೈರ್ ಗಾಡಿ ತಿರುಗುವ ಜಾಗದಲ್ಲಿ ಗೋಡೆ ಬಂದಿದೆ", "ಕಂಬ ಕಡಿದಿದ್ದಾರೆ". ಅಪಾಯ ಇಲ್ಲದಿದ್ದರೆ ಇದೆ ಅಂತ ಬರೆಯಬೇಡಿ. ಸ್ಥಳಕ್ಕೆ ಬಂದು ನೋಡಿದ ಇಂಜಿನಿಯರ್ ನಿಮ್ಮ ಮುಂದಿನ ದೂರನ್ನು ನಂಬುವುದಿಲ್ಲ.

ಅಕ್ರಮ ಕಟ್ಟಡಗಳಿಗೆ ಅಂತಲೇ ಪಾಲಿಕೆ 2016ರಲ್ಲಿ ಆರ್‌ಇಟಿಎಂಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆ ತಂದಿತು. ಅಲ್ಲಿ ಫೋಟೊ ಹಾಕಬಹುದು, ಕಡತ ಎಲ್ಲಿಗೆ ಬಂತು ನೋಡಬಹುದು. ಆದರೂ ಕಾಗದದ ಮೇಲೆ ಒಂದು ಪ್ರತಿ ಬರೆದು ವಾರ್ಡ್ ಆಫೀಸಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರಿನ ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಆ ಸಿಕ್ಕಾ ಬೇಕೇ ಬೇಕು. ಒಬ್ಬರೇ ಕೊಡಲು ಭಯ ಇದ್ದರೆ ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ, ಕಮಿಟಿಯ ಠರಾವಿನೊಂದಿಗೆ ಕೊಡಿ.

ನಾವು ಹೋಟೆಲಿನವರು. ನಮ್ಮ ಮೇಲೆ ಯಾವಾಗ ಕಣ್ಣು ಬೀಳುತ್ತದೆ?

ಎಲ್ಲೋ ಒಂದು ಕಡೆ ಅವಘಡ ಆದಾಗ ಎಲ್ಲರ ಮೇಲೂ ಬೀಳುತ್ತದೆ. 2017ರ ಡಿಸೆಂಬರ್ 18ರಂದು ಸಾಕಿನಾಕಾದ ಫರ್ಸಾಣ ಅಂಗಡಿಯಲ್ಲಿ ಬೆಂಕಿ ಬಿದ್ದು 12 ಕೆಲಸಗಾರರು ಸತ್ತರು. ಹತ್ತು ದಿನ ಕಳೆದಿತ್ತೋ ಇಲ್ಲವೋ, ಡಿಸೆಂಬರ್ 29ರಂದು ಲೋವರ್ ಪರೇಲಿನ ಕಮಲಾ ಮಿಲ್ಸಿನಲ್ಲಿ ಮಹಡಿ ಮೇಲಿನ ಪಬ್ಬುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಮರುದಿನ ಪಾಲಿಕೆಯವರು ಇಡೀ ನಗರದಲ್ಲಿ ಹೋಟೆಲುಗಳ ಅಕ್ರಮ ಭಾಗಗಳನ್ನು ಒಡೆದರು. ಒಂದೇ ದಿನ 300ಕ್ಕಿಂತ ಹೆಚ್ಚು ಕಡೆ. ಎಷ್ಟೋ ವರ್ಷದಿಂದ ಯಾರೂ ಕೇಳದಿದ್ದ ಶೆಡ್ಡುಗಳು ಅವತ್ತು ಹೋದವು.

ಹೋಟೆಲಿನಲ್ಲಿ ಮೊದಲು ನೋಡುವುದು ಕಟ್ಟಡದ ಸುತ್ತ ಬಿಡಬೇಕಾದ ತೆರೆದ ಜಾಗ. ಅದನ್ನೇ ಅಡುಗೆಮನೆ ಮಾಡಿದ್ದಾರಾ, ಪಾತ್ರೆ ತೊಳೆಯುವ ಜಾಗ ಮಾಡಿದ್ದಾರಾ, ಟೇಬಲ್ ಹಾಕಿದ್ದಾರಾ? ಆಮೇಲೆ ಹಿಂದಿನ ಬಾಗಿಲು. ಆಮೇಲೆ ಮಿತಿ ಮೀರಿ ಇಟ್ಟ ಸಿಲಿಂಡರುಗಳು. ಆಮೇಲೆ ಪೋಟಮಾಳೆ (ಕೋಣೆಯೊಳಗೆ ಎತ್ತರದಲ್ಲಿ ಹಾಕಿದ ಅಟ್ಟ), ಅದರಲ್ಲೂ ರಾತ್ರಿ ಹುಡುಗರು ಮಲಗುವ ಪೋಟಮಾಳೆ. ಊರಿಂದ ಕರೆತಂದ ಹುಡುಗರು ನಮ್ಮನ್ನು ನಂಬಿ ಬಂದಿರುತ್ತಾರೆ. ಅವರು ಮಲಗುವ ಜಾಗಕ್ಕೆ ಎರಡನೇ ದಾರಿ ಇಲ್ಲ ಅಂದರೆ ಪಾಲಿಕೆ ಬರುವ ತನಕ ಕಾಯಬೇಡಿ. ಇವತ್ತೇ ಬೇರೆ ವ್ಯವಸ್ಥೆ ಮಾಡಿ.

ಮಳೆಗಾಲದ ಶೆಡ್ಡಿಗೆ ಪಾಲಿಕೆ ತಾತ್ಕಾಲಿಕ ಅನುಮತಿ ಕೊಡುತ್ತದೆ. ಅವಧಿ ಮುಗಿದ ಮೇಲೂ ಬಿಡುವುದರಿಂದಲೇ ತೊಂದರೆ. ಬೆಂಕಿ ಸುರಕ್ಷತೆಯ 2006ರ ಕಾಯ್ದೆ ಪ್ರಕಾರ ಲೈಸೆನ್ಸ್ ಇರುವ ಏಜೆನ್ಸಿಯಿಂದ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಬೆಂಕಿ ನಂದಿಸುವ ವ್ಯವಸ್ಥೆ ಸರಿಯಿದೆ ಅನ್ನುವ ಪ್ರಮಾಣಪತ್ರ, ಅಂದರೆ ಫಾರ್ಮ್ ಬಿ, ಕೊಡಬೇಕು. ಇದು ಹೋಟೆಲಿಗೆ ಮಾತ್ರ ಅಲ್ಲ, ಸೊಸೈಟಿಗೂ ಇದೆ.

ಮನೆಯೊಳಗಿನ ಬದಲಾವಣೆ, ಬಾಲ್ಕನಿ, ಗ್ರಿಲ್ಲು?

ಟೈಲ್ಸು, ಪ್ಲಾಸ್ಟರು, ಬಣ್ಣ, ಬಾಗಿಲು ಬದಲಿಸುವುದು ಇವೆಲ್ಲ ಸಾಮಾನ್ಯ ರಿಪೇರಿ. ಅನುಮತಿ ಬೇಡ, ಸೊಸೈಟಿಗೆ ತಿಳಿಸಿದರೆ ಸಾಕು. ಕಂಬ, ಬೀಮು, ಸ್ಲ್ಯಾಬಿಗೆ ಕೈ ಹಾಕಿದರೆ ಅದು ರಿಪೇರಿ ಅಲ್ಲ. ಬಾಲ್ಕನಿ ಮುಚ್ಚಿದ್ದು, ಕಿಟಕಿಯ ಗ್ರಿಲ್ಲು ಹೊರಗೆ ಚಾಚಿದ್ದು ಪಾಲಿಕೆಯ ಸರದಿಯಲ್ಲಿ ತುಂಬಾ ಕೆಳಗೆ ಇರುತ್ತವೆ. ಹಾಗಂತ ಸರಿ ಅಂತಲ್ಲ. ಗೋಡೆ ತೆಗೆದು ಸ್ನಾನದ ಮನೆಯನ್ನು ಬೇರೆಯವರ ಅಡುಗೆಮನೆಯ ಮೇಲೆ ತಂದಿದ್ದೀರಿ ಅಂದರೆ ಮಾತ್ರ ಕೆಳಗಿನ ಮನೆಯವರು ಬಿಡುವುದಿಲ್ಲ, ದೂರು ಬಂದೇ ಬರುತ್ತದೆ.

ಚಾಳು, ಜೋಪಡಿಗಳಿಗೆ ತಾರೀಖಿನ ಲೆಕ್ಕ ಇದೆಯಂತಲ್ಲ, ಏನದು?

ಎರಡು ಬೇರೆ ಬೇರೆ ಲೆಕ್ಕ ಇವೆ, ಜನ ಬೆರೆಸುತ್ತಾರೆ.

ಮೊದಲನೆಯದು ಹಳೆಯ ಕಟ್ಟಡಗಳಿಗೆ. ವಾಸದ ಮನೆ 1964ರ ಏಪ್ರಿಲ್ 17ಕ್ಕಿಂತ ಮುಂಚಿನದು, ಅಂಗಡಿ ಮುಂತಾದದ್ದು 1962ರ ಏಪ್ರಿಲ್ 1ಕ್ಕಿಂತ ಮುಂಚಿನದು ಅಂತ ತೋರಿಸಿದರೆ ಪಾಲಿಕೆ ಅದನ್ನು ಸಹಿಸಿಕೊಳ್ಳುತ್ತದೆ. ಅದಕ್ಕೇ ನಮ್ಮ ಹಳೆಯ ಖಾನಾವಳಿ, ಹೋಟೆಲಿನವರು ಅಜ್ಜನ ಕಾಲದ ಬಾಡಿಗೆ ರಸೀದಿ, ಲೈಸೆನ್ಸು, ತೆರಿಗೆ ಬಿಲ್ಲು ಜೋಪಾನ ಮಾಡಬೇಕು. ಲ್ಯಾಮಿನೇಶನ್ ಬೇಡ, ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಸಹಿಸಿಕೊಳ್ಳುವುದು ಇದ್ದದ್ದನ್ನು ಇದ್ದ ಹಾಗೆ ಮಾತ್ರ. ಅದರ ಮೇಲೆ ಹೊಸ ಮಹಡಿ ಎತ್ತಿದರೆ ಆ ರಕ್ಷಣೆ ಮಹಡಿಗೆ ಸಿಗುವುದಿಲ್ಲ.

ಎರಡನೆಯದು ಜೋಪಡಿಗಳ ಪುನರ್ವಸತಿಗೆ. 2000ದ ಜನವರಿ 1ರ ಹಿಂದಿನವರಿಗೆ ಉಚಿತ ಮನೆ, ಅದರ ನಂತರ 2011ರ ಜನವರಿ 1ರವರೆಗಿನವರಿಗೆ ಹಣ ಕೊಟ್ಟು ಮನೆ. ನೆಲಮಹಡಿಯ ದಾಖಲೆ ಇದ್ದರೂ ಮೇಲಿನ ಮಾಳಿಗೆಯವರಿಗೆ ಅದೇ ಹಕ್ಕು ಬರುತ್ತದೆ ಅಂತ ತಿಳಿಯಬೇಡಿ. ಧಾರಾವಿಯಲ್ಲಿ ಇದೇ ದೊಡ್ಡ ಗೊಂದಲ.

1985ರಲ್ಲಿ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಂಬೈಯ ಫುಟ್‌ಪಾತ್ ವಾಸಿಗಳ ಬಗ್ಗೆ ಹೇಳಿದ್ದು ಇವತ್ತಿಗೂ ಮುಖ್ಯ. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂತ ಅದು ಒಪ್ಪಿತು. ಫುಟ್‌ಪಾತಿನಲ್ಲಿ ಉಳಿಯುವ ಹಕ್ಕು ಮಾತ್ರ ಕೊಡಲಿಲ್ಲ. ಮಳೆಗಾಲ ಮುಗಿಯುವ ತನಕ ಎಬ್ಬಿಸಬೇಡಿ ಎಂದಿತು.

ಮಳೆಗಾಲದಲ್ಲಿ ಒಡೆಯುವುದಿಲ್ಲ ಅನ್ನುವುದು ನಿಜವಾ?

ಜನ ವಾಸವಾಗಿರುವ ಮನೆಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಂಗಡಿ, ಖಾಲಿ ಕಟ್ಟಡ, ನಡೆಯುತ್ತಿರುವ ಕೆಲಸ, ಬೀಳುವ ಹಾಗಿರುವ ಕಟ್ಟಡ, ಕೋರ್ಟಿನ ಆದೇಶ ಇರುವುದು, ಇವಕ್ಕೆ ಈ ರಿಯಾಯಿತಿ ಇಲ್ಲ.

ರಸ್ತೆ ಬದಿಯ ಗುಡಿಗೂ ಇದೇ ನಿಯಮವಾ?

ನಮ್ಮವರು ಭಕ್ತಿಯಿಂದ ಕಟ್ಟಿದ ಸಣ್ಣ ಗುಡಿಗಳು ಮುಂಬೈಯ ಗಲ್ಲಿಗಳಲ್ಲಿ ಇವೆ. ಅದಕ್ಕೇ ಈ ಪ್ರಶ್ನೆ ನಾಜೂಕು. 2009ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಸಾರ್ವಜನಿಕ ಜಾಗದಲ್ಲಿ ಯಾವ ಧರ್ಮದ್ದೇ ಆಗಲಿ ಹೊಸ ಪ್ರಾರ್ಥನಾ ಸ್ಥಳ ಕಟ್ಟುವಂತಿಲ್ಲ ಎಂದಿತು. ಅದಕ್ಕಿಂತ ಹಿಂದಿನವುಗಳನ್ನು ಸರಕಾರ ಮೂರು ಗುಂಪು ಮಾಡಿತು. ಉಳಿಸಬಹುದಾದದ್ದು, ಬೇರೆ ಕಡೆ ಸಾಗಿಸಬೇಕಾದದ್ದು, ತೆಗೆಯಬೇಕಾದದ್ದು. ನಿಮ್ಮ ಗುಡಿ ಯಾವ ಗುಂಪಿನಲ್ಲಿದೆ ಅಂತ ವಾರ್ಡ್ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ. ಟ್ರಸ್ಟು ನೋಂದಣಿಯಾಗಿದೆ ಅಂದ ಮಾತ್ರಕ್ಕೆ ಜಾಗ ಸಕ್ರಮ ಆಗುವುದಿಲ್ಲ.

ನೋಟಿಸು ಬಂದಿದೆ. ಈಗ ಏನು ಮಾಡಬೇಕು?

ಮೊದಲು ಕಲಂ ಯಾವುದು ನೋಡಿ. 354ಎ ಆದರೆ ಗಂಟೆಗಳ ಲೆಕ್ಕ, 351 ಆದರೆ ದಿನಗಳ ಲೆಕ್ಕ. ತೆಗೆದುಕೊಳ್ಳಲು ನಿರಾಕರಿಸಬೇಡಿ, ಬಾಗಿಲಿಗೆ ಅಂಟಿಸಿ ಫೋಟೊ ತೆಗೆದರೆ ತಲುಪಿದ ಹಾಗೆಯೇ. ಬಂದ ದಿನ, ಗಂಟೆ ಬರೆದಿಡಿ.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ನಿಯಮ ಹಾಕಿದೆ. ಕಾರಣ ಕೇಳುವ ನೋಟಿಸಿಗೆ 15 ದಿನ ಅಥವಾ ಸ್ಥಳೀಯ ಕಾಯ್ದೆ ಕೊಟ್ಟ ಅವಧಿ, ಯಾವುದು ಹೆಚ್ಚೋ ಅಷ್ಟು ಕಾಲ ಕೊಡಬೇಕು. ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ನಿಮ್ಮ ಮಾತು ಕೇಳಬೇಕು. ಕೊನೆಯ ಆದೇಶ ಆದ ಮೇಲೆ ಮತ್ತೆ 15 ದಿನ ಬಿಡಬೇಕು. ಒಡೆಯುವುದನ್ನು ವಿಡಿಯೊ ಮಾಡಬೇಕು. ರಸ್ತೆ, ಫುಟ್‌ಪಾತು, ರೈಲ್ವೆ ಹಳಿಯ ಪಕ್ಕ, ನದಿ ಮುಂತಾದ ನೀರಿನ ಜಾಗಗಳಿಗೂ, ಕೋರ್ಟೇ ಒಡೆಯಲು ಹೇಳಿದಲ್ಲಿಗೂ ಈ ನಿಯಮ ಅನ್ವಯಿಸುವುದಿಲ್ಲ.

ಉತ್ತರ ಬರೆಯುವಾಗ ಒಪ್ಪಿಗೆ ಆದ ನಕ್ಷೆ, ಒಸಿ, ಹಳೆಯ ತೆರಿಗೆ ಬಿಲ್ಲು, ಹಳೆಯ ಫೋಟೊ ಲಗತ್ತಿಸಿ. ಕಟ್ಟಿದ್ದು ನಿಜಕ್ಕೂ ಅಕ್ರಮ, ಉಳಿಸುವ ದಾರಿ ಇಲ್ಲ ಅಂತ ನಿಮಗೇ ಗೊತ್ತಿದ್ದರೆ ನೀವೇ ತೆಗೆಯಿರಿ. ಪಾಲಿಕೆಯವರು ತೆಗೆದರೆ ಪಕ್ಕದ ಗೋಡೆಯೂ ಬಿರುಕು ಬಿಡುತ್ತದೆ, ಖರ್ಚನ್ನೂ ನಿಮ್ಮಿಂದಲೇ ವಸೂಲು ಮಾಡಬಹುದು.

ದಂಡ ಕಟ್ಟಿ ಸಕ್ರಮ ಮಾಡಿಸಬಹುದಾ?

ಕೆಲವನ್ನು ಆಗುತ್ತದೆ. ಎಫ್‌ಎಸ್‌ಐ (ಜಾಗದ ಅಳತೆಗೆ ತಕ್ಕಂತೆ ಕಟ್ಟಲು ಸಿಗುವ ವಿಸ್ತೀರ್ಣ) ಉಳಿದಿದ್ದರೆ, ತೆರೆದ ಜಾಗದ ನಿಯಮಕ್ಕೆ ಹೊಂದಿದರೆ, ಎಂಆರ್‌ಟಿಪಿ ಕಾಯ್ದೆಯಡಿ ಉಳಿಸಿಕೊಳ್ಳಲು ಅರ್ಜಿ ಹಾಕಬಹುದು. ಆರ್ಕಿಟೆಕ್ಟ್ ಬೇಕು. ಇದಲ್ಲದೆ 2015ರ ಡಿಸೆಂಬರ್ 31ಕ್ಕಿಂತ ಹಿಂದಿನ ಅಕ್ರಮ ಕಟ್ಟಡಗಳಿಗಾಗಿ ಸರಕಾರ 2017ರಲ್ಲಿ 52ಎ ಕಲಂ ತಂದಿತು. ಆ ತಾರೀಖಿನ ನಂತರ ಕಟ್ಟಿದವರು ಅದರ ಹೆಸರು ಹೇಳುವಂತಿಲ್ಲ.

ಆಸ್ತಿ ತೆರಿಗೆಯ ಮೇಲೆ ಹಾಕುವ ದಂಡ ಬೇರೆ. ಅಕ್ರಮ ಕಟ್ಟಡಕ್ಕೆ ತೆರಿಗೆಯ ಎರಡು ಪಟ್ಟು ದಂಡ ಹಾಕಲು 152ಎ ಕಲಂ ಇದೆ. ಅದನ್ನು ಕಟ್ಟಿದರೂ ಕಟ್ಟಡ ಸಕ್ರಮ ಆಗುವುದಿಲ್ಲ. "ತೆರಿಗೆ ತಗೊಳ್ತಾರೆ, ನೀರು ಕೊಡ್ತಾರೆ, ಮತ್ತೆ ಅಕ್ರಮ ಹೇಗೆ?" ಅಂತ ಜನ ಕೇಳುತ್ತಾರೆ. ತೆರಿಗೆಯನ್ನು ಕಟ್ಟಡ ಇದೆ ಅನ್ನುವ ಕಾರಣಕ್ಕೆ ತೆಗೆದುಕೊಳ್ಳುತ್ತಾರೆ. ನೀರನ್ನು ಮಾನವೀಯತೆಯಿಂದ ಕೊಡುತ್ತಾರೆ.

ಡೊಂಬಿವಲಿ ಕಡೆ ಫ್ಲ್ಯಾಟು ನೋಡುತ್ತಿದ್ದೇವೆ. ರೇರಾ ನಂಬರ್ ಇದ್ದರೆ ಸಾಕಾ?

ಸಾಲದು. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಡೊಂಬಿವಲಿಯಲ್ಲಿ 65 ಕಟ್ಟಡಗಳ ಬಿಲ್ಡರುಗಳು ಪಾಲಿಕೆಯ ನಕಲಿ ಅನುಮತಿ ಪತ್ರ ತೋರಿಸಿ ರೇರಾ ನೋಂದಣಿ ಮಾಡಿಸಿದ್ದರು. 2024ರ ನವೆಂಬರಿನಲ್ಲಿ ಹೈಕೋರ್ಟ್ ಅವುಗಳನ್ನು ಕೆಡವಲು ಹೇಳಿತು. ಸಾಲ ಮಾಡಿ ಕೊಂಡ ಕುಟುಂಬಗಳು ಮನೆ ಕಳೆದುಕೊಳ್ಳುವ ಸ್ಥಿತಿಗೆ ಬಂದವು. ಇಂಥ ಪ್ರಕರಣ ಕೋರ್ಟಿನ ಆದೇಶದ ಗುಂಪಿಗೆ ಸೇರುವುದರಿಂದ ಸರದಿಯಲ್ಲಿ ನೇರವಾಗಿ ಮೇಲಕ್ಕೆ ಹೋಗುತ್ತದೆ.

ಬಿಲ್ಡರ್ ಕೊಟ್ಟ ಕಾಮೆನ್ಸ್‌ಮೆಂಟ್ ಸರ್ಟಿಫಿಕೇಟಿನ (ಕಟ್ಟಲು ಶುರು ಮಾಡುವ ಅನುಮತಿಯ) ನಂಬರ್ ಹಿಡಿದು ಪಾಲಿಕೆಯ ಟೌನ್ ಪ್ಲಾನಿಂಗ್ ವಿಭಾಗದಲ್ಲೇ ಕೇಳಿ, ಅದು ನಿಮ್ಮ ಪತ್ರವೇ ಹೌದಾ ಅಂತ. ಎಷ್ಟನೇ ಮಹಡಿ ತನಕ ಇದೆ ಓದಿ. ಸಿದ್ಧ ಫ್ಲ್ಯಾಟಾದರೆ ಒಸಿ ಇಲ್ಲದೆ ಟೋಕನ್ ಕೊಡಬೇಡಿ. ಪರಿಚಯದವರು, ಊರಿನವರು ಅಂತ ನಂಬಿ ದುಡ್ಡು ಕೊಡುವುದು ನಮ್ಮಲ್ಲಿ ಜಾಸ್ತಿ. 2013ರ ಏಪ್ರಿಲ್ 4ರಂದು ಮುಂಬ್ರಾ ಹತ್ತಿರದ ಲಕ್ಕಿ ಕಾಂಪೌಂಡಿನಲ್ಲಿ ಇನ್ನೂ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಬಿದ್ದು 74 ಜನ ಸತ್ತರು. ಕೆಳಗಿನ ಮಹಡಿಗಳಲ್ಲಿ ಆಗಲೇ ಜನ ಬಂದು ಇದ್ದರು.

ಕಾರ್ಪೊರೇಟರಿಗೆ ಹೇಳಿದರೆ ಕ್ರಮ ನಿಲ್ಲುತ್ತದಾ?

ಬಂದೋಬಸ್ತಿನ ದಿನ ಮುಂದೆ ಹೋಗುವುದು, ಕಡತ ನಿಧಾನ ಆಗುವುದು ನಡೆಯುತ್ತದೆ. ಕಾಯ್ದೆಯಲ್ಲಿ ಮಾತ್ರ ಅದಕ್ಕೆ ಜಾಗ ಇಲ್ಲ. ಅಕ್ರಮವಾಗಿ ಕಟ್ಟಿದ ಅಥವಾ ಒಡೆಯಲು ಬಂದವರನ್ನು ತಡೆದ ಕಾರ್ಪೊರೇಟರ್ ತನ್ನ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು ಅಂತ ಪಾಲಿಕೆ ಕಾಯ್ದೆಯ 16ನೇ ಕಲಂ ಹೇಳುತ್ತದೆ.

ಎಲ್ಲ ಸರಿಯಾಗಿ ಮಾಡಿದೆವು. ಆದರೂ ಯಾರೂ ಬರಲಿಲ್ಲ. ಮುಂದೇನು?

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. "ಕ್ರಮ ಯಾಕೆ ಆಗಲಿಲ್ಲ" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಕಾಗದ ಕೇಳಿ. ನನ್ನ ಇಂಥ ನಂಬರಿನ ದೂರಿನ ಮೇಲೆ ಆದ ಸ್ಥಳ ಪರಿಶೀಲನೆಯ ವರದಿ, ಕೊಟ್ಟ ನೋಟಿಸಿನ ಪ್ರತಿ, ಕೋರ್ಟಿನ ತಡೆ ಇದ್ದರೆ ಅದರ ಪ್ರತಿ, ಒಡೆಯಲು ಗೊತ್ತು ಮಾಡಿದ ತಾರೀಖು ಇರುವ ಪುಟ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೇಲ್ಮನವಿ.

ಕಾಗದ ಕೈಗೆ ಬಂದ ಮೇಲೆ ಎಲ್ಲಿ ನಿಂತಿದೆ ತಿಳಿಯುತ್ತದೆ. ಕೋರ್ಟಿನ ತಡೆ ಇದ್ದರೆ ಆ ಕೇಸಿನಲ್ಲಿ ನೀವೂ ಸೇರಿಕೊಳ್ಳಬಹುದಾ ಅಂತ ವಕೀಲರನ್ನು ಕೇಳಿ. ನೋಟಿಸು ಕೊಟ್ಟು ಸುಮ್ಮನಾಗಿದ್ದರೆ ವಲಯದ ಡೆಪ್ಯುಟಿ ಕಮಿಷನರಿಗೆ ಬರೆಯಿರಿ. ಕ್ರಮ ಕೈಗೊಳ್ಳದ ನಿಯೋಜಿತ ಅಧಿಕಾರಿಗೂ ಶಿಕ್ಷೆ ಇದೆ ಅಂತ ಎಂಆರ್‌ಟಿಪಿಯ 56ಎ ಕಲಂ ಹೇಳುತ್ತದೆ, ಅದನ್ನು ಪತ್ರದಲ್ಲಿ ನೆನಪಿಸಿ. ಲೋಕಾಯುಕ್ತರಿಗೆ ದೂರು ಕೊಡಬಹುದು. ಕೊನೆಯದು ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ.

ವಾರ್ಡ್ ಆಫೀಸಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಡಬಹುದಾ?

ಅಲ್ಲಿಯ ವ್ಯವಹಾರ ಮರಾಠಿಯಲ್ಲಿ. ಮರಾಠಿಯಲ್ಲಿ ಬರೆದರೆ ಮುಕದ್ದಮನಿಂದ ಇಂಜಿನಿಯರ್ ತನಕ ಎಲ್ಲರೂ ಓದುತ್ತಾರೆ. ಇಲ್ಲೇ ಓದಿದ ನಮ್ಮ ಮಕ್ಕಳಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಅವರ ಹತ್ತಿರ ಬರೆಸಿ. ಕನ್ನಡ ಸಂಘದಲ್ಲಿ ವಕೀಲರೋ ನಿವೃತ್ತ ಇಂಜಿನಿಯರೋ ಒಬ್ಬರಾದರೂ ಇರುತ್ತಾರೆ. ನೋಟಿಸು ಬಂದ ದಿನವೇ ಅದರ ಜೆರಾಕ್ಸ್ ತೆಗೆದುಕೊಂಡು ಹೋಗಿ ಅವರಿಂದ ಓದಿಸಿಕೊಳ್ಳಿ.